ಚುಕ್ಕೆಗಳಲ್ಲಿ ಬರೆದ ಆತ್ಮ

ಮಗುವಿನ ಕೈಗೆ ಚಿತ್ರವಿರುವ ಪುಸ್ತಕವನ್ನು ಕೊಡಬೇಕು ಎಂಬ ಮಾತನ್ನು ಇಂದು ಯಾರೂ ವಾದಿಸಿ ಸ್ಥಾಪಿಸಬೇಕಾಗಿಲ್ಲ. ಹಸಿದ ಮಗುವಿಗೆ ಅನ್ನವಿಕ್ಕುವಷ್ಟು ಸಹಜವಾಗಿ ನಾವು ಅದನ್ನು ಒಪ್ಪಿಬಿಟ್ಟಿದ್ದೇವೆ. ಆದರೆ ನಮಗೆ ಸಹಜವೆನಿಸುವ ಎಷ್ಟೋ ಸಂಗತಿಗಳಂತೆ ಈ ವಿಚಾರಕ್ಕೂ ಒಂದು ಹುಟ್ಟೂರು ಇದೆ, ಒಂದು ಜನ್ಮವರ್ಷವೂ ಇದೆ. ವರ್ಷ 1658, ಊರು ಜರ್ಮನಿಯ ನ್ಯೂರೆಂಬರ್ಗ್. ಆ ವರ್ಷ ಅಲ್ಲಿ ಅಚ್ಚಾದ ಒಂದು ಪುಸ್ತಕವನ್ನು, ಶಾಲೆಯ ಮಕ್ಕಳಿಗೆಂದೇ ಸಿದ್ಧವಾದ ಮೊದಲ ದೊಡ್ಡ ಚಿತ್ರಪುಸ್ತಕವೆಂದು ಚರಿತ್ರಕಾರರು ಸಾಮಾನ್ಯವಾಗಿ ಎಣಿಸುತ್ತಾರೆ. ಲ್ಯಾಟಿನ್ನಿನಲ್ಲಿ ಅದರ ಹೆಸರು ‘ಆರ್ಬಿಸ್ ಸೆನ್ಸುವಾಲಿಯುಮ್ ಪಿಕ್ಟುಸ್’. ಎಂದರೆ, ಇಂದ್ರಿಯಗಳಿಗೆ ಗೋಚರವಾಗುವ ಜಗತ್ತಿನ ಚಿತ್ರ. ಬರೆದವನು ಯಾನ್ ಆಮೋಸ್ ಕೊಮೇನಿಯಸ್.

ಈ ಕೊಮೇನಿಯಸನ ಬಾಳನ್ನು ಓದಿದವರಿಗೆ, ಇಂಥ ಮನುಷ್ಯನಿಗೆ ಮಕ್ಕಳ ಪುಸ್ತಕ ಬರೆಯುವ ಮನಸ್ಸು ಹೇಗೆ ಉಳಿಯಿತು ಎಂದು ಸೋಜಿಗವಾಗುತ್ತದೆ. ಅವನು ಹುಟ್ಟಿದ್ದು 1592ರಲ್ಲಿ, ಇಂದಿನ ಚೆಕ್ ನಾಡಿನ ಮೊರಾವಿಯಾ ಪ್ರಾಂತದಲ್ಲಿ. ಚಿಕ್ಕಂದಿನಲ್ಲೇ ತಬ್ಬಲಿಯಾದ. ದೊಡ್ಡವನಾಗಿ ತನ್ನ ಪಂಥದ ಗುರುವಾದ. ಮುಂದೆ ಅದರ ಬಿಷಪ್ಪನೂ ಆದ. 1620ರಲ್ಲಿ ಪ್ರಾಗ್ ನಗರದ ಹೊರಗಣ ‘ಬಿಳಿಬೆಟ್ಟ’ದ ಕಾಳಗದಲ್ಲಿ ಬೊಹೀಮಿಯಾದ ಪ್ರಾಟೆಸ್ಟೆಂಟರು ಸೋತ ಮೇಲೆ ಅವನಿಗೆ ತನ್ನ ನಾಡಿನಲ್ಲಿ ನೆಲೆಯಿಲ್ಲವಾಯಿತು. ತಲೆ ಮರೆಸಿಕೊಂಡಿದ್ದ ದಿನಗಳಲ್ಲೇ, 1622ರಲ್ಲಿ, ಅವನ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಪ್ಲೇಗು ಕೊಂಡೊಯ್ದಿತು. 1628ರಲ್ಲಿ ಗಡಿ ದಾಟಿ ಪೋಲೆಂಡಿನ ಲೆಶ್ನೋ ಪಟ್ಟಣ ಸೇರಿದ. 1656ರಲ್ಲಿ ಆ ಪಟ್ಟಣಕ್ಕೂ ಬೆಂಕಿ ಬಿತ್ತು. ಅವನ ಮನೆ, ಗ್ರಂಥಭಂಡಾರ, ನಲವತ್ತು ವರ್ಷಗಳಿಂದ ಕೂಡಿಹಾಕಿದ್ದ ಚೆಕ್ ಭಾಷೆಯ ನಿಘಂಟಿನ ಹಸ್ತಪ್ರತಿ, ಎಲ್ಲವೂ ಬೂದಿಯಾದವು. ಅದಾದ ಎರಡು ವರ್ಷಕ್ಕೆ ಈ ಚಿತ್ರಪುಸ್ತಕ ಹೊರಬಂದದ್ದು. ಅವನು ತೀರಿಕೊಂಡದ್ದು 1670ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಹುಟ್ಟಿದ ನೆಲಕ್ಕೆ ಮತ್ತೆ ಹೋಗಿ ನೆಲೆಸುವ ಯೋಗ ಬರಲೇ ಇಲ್ಲ.

ಪುಸ್ತಕ ಅಚ್ಚಾದದ್ದು ಬೆಂಕಿಯ ಅನಂತರವಾದರೂ ಅದರ ಕಲ್ಪನೆ ಕುದುರಿದ್ದು ಅದಕ್ಕೆ ಮುಂಚೆ, ಹಂಗೆರಿಯ ಷಾರೋಷ್‌ಪತಕ್ ಎಂಬ ಊರಿನಲ್ಲಿ. ಅಲ್ಲಿನ ರಾಜಮನೆತನದ ಆಹ್ವಾನದಂತೆ 1650ರಿಂದ 1654ರವರೆಗೆ ಅವನು ಅಲ್ಲಿ ಶಾಲೆಯನ್ನು ತಿದ್ದುವ ಕೆಲಸದಲ್ಲಿದ್ದ. ಆ ಕಾಲದ ಶಾಲೆಯೆಂದರೆ ಲ್ಯಾಟಿನ್. ಲ್ಯಾಟಿನ್ ಎಂದರೆ ಕಂಠಪಾಠ. ನಮ್ಮ ಕೂಲಿಮಠಗಳಲ್ಲಿ ಅಮರಕೋಶವನ್ನು ಅರ್ಥದ ಗೊಡವೆಯಿಲ್ಲದೆ ಉರು ಹಾಕಿಸುತ್ತಿದ್ದುದನ್ನು ಕೇಳಿದವರಿಗೆ ಅದರ ಚಿತ್ರ ತಾನಾಗಿ ಕಣ್ಣಿಗೆ ಕಟ್ಟುತ್ತದೆ. ಹುಡುಗರಿಗೆ ಶಬ್ದ ಬರುತ್ತಿತ್ತು, ವಸ್ತು ಬರುತ್ತಿರಲಿಲ್ಲ. ಇಂದ್ರಿಯದ ಬಾಗಿಲಿನಿಂದ ಒಳಗೆ ಬಾರದ ಯಾವುದೂ ಬುದ್ಧಿಯಲ್ಲಿ ನಿಲ್ಲಲಾರದು ಎಂಬ ಹಳೆಯ ತತ್ತ್ವವನ್ನು ಕೊಮೇನಿಯಸ್ ಗಟ್ಟಿಯಾಗಿ ಹಿಡಿದವನು. ಶಬ್ದದ ಪಕ್ಕದಲ್ಲಿ ವಸ್ತುವನ್ನಿಡೋಣ; ವಸ್ತುವನ್ನು ತರಲಾಗದಿದ್ದರೆ ಅದರ ಚಿತ್ರವನ್ನಿಡೋಣ, ಎಂದ. ಅದೇ ಊರಿನಲ್ಲಿ ಅವನು ಪಾಠವನ್ನೇ ನಾಟಕವನ್ನಾಗಿ ಬರೆದು ಹುಡುಗರಿಂದ ಆಡಿಸಿದನೆಂಬುದನ್ನೂ ಇಲ್ಲಿಯೇ ನೆನೆಯಬೇಕು. ಚಿತ್ರಗಳನ್ನು ಕೊರೆದು ಕೊಡುವ ಕುಶಲಿಗರು ಆ ಊರಲ್ಲಿರಲಿಲ್ಲವಾಗಿ ಹಸ್ತಪ್ರತಿ ನ್ಯೂರೆಂಬರ್ಗಿಗೆ ಹೋಗಬೇಕಾಯಿತು. ಅದರಿಂದಲೇ ಇಷ್ಟು ವಿಳಂಬ.

ಪುಸ್ತಕವನ್ನು ತೆರೆದರೆ ಮೊದಲು ಒಬ್ಬ ಉಪಾಧ್ಯಾಯನೂ ಒಬ್ಬ ಹುಡುಗನೂ ಬಯಲಲ್ಲಿ ನಿಂತು ಮಾತಾಡುತ್ತಿರುತ್ತಾರೆ. ಬಾ, ನಿನಗೆ ಎಲ್ಲವನ್ನೂ ತೋರಿಸುತ್ತೇನೆ ಎಂಬ ಧಾಟಿಯ ಮಾತು. ಆಮೇಲೆ ಅಕ್ಷರಮಾಲೆ. ಅಲ್ಲಿ ಅಕ್ಷರ ಬರುವುದು ಪ್ರಾಣಿಗಳ ಬಾಯಿಂದ: ಕಾಗೆ ಕೂಗಿದರೆ ಒಂದು ಅಕ್ಷರ, ಕುರಿಮರಿ ಅರಚಿದರೆ ಇನ್ನೊಂದು. ಅರಸ, ಆನೆ, ಇಲಿ, ಈಶ ಎಂದು ಕಲಿತ ನಮಗೆ ಇದು ಬೇರೆ ರೀತಿಯ ಸೊಗಸೆನಿಸುತ್ತದೆ. ನಮ್ಮ ಬಾಲಬೋಧೆಯಲ್ಲಿ ಅಕ್ಷರ ಹೆಸರಿನಿಂದ ಹೊರಡುತ್ತದೆ, ಅವನಲ್ಲಿ ದನಿಯಿಂದ ಹೊರಡುತ್ತದೆ. ಅನಂತರ ಸುಮಾರು ನೂರೈವತ್ತು ಚಿಕ್ಕ ಚಿಕ್ಕ ಅಧ್ಯಾಯಗಳು. ದೇವರು, ಜಗತ್ತು, ಆಕಾಶ, ಬೆಂಕಿ, ಗಾಳಿ, ನೀರು, ಗಿಡಮರ, ಪಶುಪಕ್ಷಿ, ಮನುಷ್ಯನ ಅಂಗಾಂಗ, ರೊಟ್ಟಿ ಸುಡುವುದು, ಮೀನು ಹಿಡಿಯುವುದು, ಬಟ್ಟೆ ಹೊಲಿಯುವುದು, ಮಡಕೆ ಮಾಡುವುದು, ಪುಸ್ತಕ ಅಚ್ಚು ಹಾಕುವುದು, ಗೊಂಬೆಯಾಟವಲ್ಲದಿದ್ದರೂ ನಾಟಕ, ದೊಂಬರಾಟ, ಹುಡುಗರ ಆಟ, ಯುದ್ಧ, ಮುತ್ತಿಗೆ, ಕೊನೆಗೆ ಅಂತಿಮ ನ್ಯಾಯದ ದಿನ. ಪ್ರತಿ ಅಧ್ಯಾಯದ ನೆತ್ತಿಯ ಮೇಲೆ ಮರದಚ್ಚಿನ ಒಂದು ಚಿತ್ರ. ಅದರ ಕೆಳಗೆ ಒಂದು ಕಡೆ ಲ್ಯಾಟಿನ್, ಒಂದು ಕಡೆ ಜರ್ಮನ್. ಚಿತ್ರದ ಒಂದೊಂದು ವಸ್ತುವಿನ ಪಕ್ಕದಲ್ಲೂ ಪುಟ್ಟ ಅಂಕಿ. ಅದೇ ಅಂಕಿ ಕೆಳಗಿನ ವಾಕ್ಯದಲ್ಲಿ ಆ ವಸ್ತುವಿನ ಹೆಸರಿನ ಪಕ್ಕದಲ್ಲಿಯೂ ಇರುತ್ತದೆ. ಕಣ್ಣು ಅಂಕಿಯನ್ನು ಹಿಡಿದು ಚಿತ್ರದಿಂದ ಶಬ್ದಕ್ಕೂ ಶಬ್ದದಿಂದ ಚಿತ್ರಕ್ಕೂ ಓಡಾಡುತ್ತದೆ. ಸರಳವಾದ ಉಪಾಯ. ಇಂದಿನ ಸಚಿತ್ರ ನಿಘಂಟುಗಳೂ ಇದನ್ನೇ ಅನುಸರಿಸುತ್ತವೆ.

ಶಾಲೆಯನ್ನು ಕುರಿತೂ ಒಂದು ಅಧ್ಯಾಯವಿದೆ. ಅದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಗುರು ಪೀಠದಲ್ಲಿದ್ದಾನೆ, ಹುಡುಗರು ಬೆಂಚುಗಳ ಮೇಲಿದ್ದಾರೆ, ಕೆಲವರು ಓದುತ್ತಿದ್ದಾರೆ, ಕೆಲವರು ಹರಟುತ್ತಿದ್ದಾರೆ. ಹರಟುವವರಿಗೆ ಬೆತ್ತದ ಪೂಜೆಯಾಗುತ್ತದೆಂಬುದನ್ನೂ ಗ್ರಂಥಕರ್ತ ಮರೆಯದೆ ಹೇಳುತ್ತಾನೆ. ಬೆತ್ತಕ್ಕೂ ಒಂದು ಅಂಕಿ. ಶಾಲೆಯನ್ನು ಆಟದ ಮನೆಯಾಗಿಸಬೇಕೆಂದವನ ಪುಸ್ತಕದಲ್ಲಿಯೇ ಹೀಗೆ.

ನಗು ಬಾರದ ಒಂದು ಪುಟವೂ ಇದೆ. ಕೊನೆಯ ಭಾಗದಲ್ಲಿ ಲೋಕದ ಮತಗಳನ್ನು ವಿವರಿಸುವಾಗ, ‘ಇಂಡಿ’ಗಳು ಇಂದಿಗೂ ಪಿಶಾಚಿಯನ್ನು ಪೂಜಿಸುತ್ತಾರೆ ಎಂಬ ಅರ್ಥದ ವಾಕ್ಯವನ್ನು ಅವನು ಬರೆದಿದ್ದಾನೆ. ಆ ಕಾಲದಲ್ಲಿ ‘ಇಂಡಿ’ ಎಂಬ ಮಾತು ಅಮೆರಿಕದ ಮೂಲನಿವಾಸಿಗಳಿಗೂ ಸಲ್ಲುತ್ತಿತ್ತು, ನಮಗೂ ಸಲ್ಲುತ್ತಿತ್ತು. ಯಾರಿಗೆ ಸಂದರೂ ಅನ್ಯಾಯವೇ. ಇದನ್ನೆತ್ತಿ ಕೊಮೇನಿಯಸನ ಮೇಲೆ ಮೊಕದ್ದಮೆ ಹೂಡುವುದು ನನ್ನ ಉದ್ದೇಶವಲ್ಲ. ಅವನು ತನ್ನ ಕಾಲದವರು ಕೇಳಿದ್ದನ್ನು ಕೇಳಿದವನು. ಆದರೆ ಚಿತ್ರಪುಸ್ತಕದ ಶಕ್ತಿ ಎಷ್ಟು, ಅದರ ಅಪಾಯ ಎಷ್ಟು ಎಂಬುದು ಈ ಒಂದು ಪುಟದಲ್ಲಿ ತಿಳಿಯುತ್ತದೆ. ಕಾಗೆಯ ಚಿತ್ರದ ಪಕ್ಕದಲ್ಲಿ ‘ಕಾಗೆ’ ಎಂದು ಬರೆದರೆ, ಮಗು ಅಂಗಳಕ್ಕಿಳಿದು ಕಾಗೆಯನ್ನು ನೋಡಿ ಸರಿಯೋ ತಪ್ಪೋ ತಿಳಿಯಬಹುದು. ನ್ಯೂರೆಂಬರ್ಗಿನ ಹುಡುಗ ಅಂಗಳಕ್ಕಿಳಿದು ನೋಡಲಾಗದ ಪರದೇಶದ ಮನುಷ್ಯನ ಪಕ್ಕದಲ್ಲಿ ಅಂಕಿ ಹಾಕಿ ಹೆಸರಿಟ್ಟರೆ, ಆ ಹೆಸರು ಆ ಹುಡುಗನ ಜನ್ಮಪೂರ್ತಿ ಅಲ್ಲಿಯೇ ಕುಳಿತಿರುತ್ತದೆ. ಹೆಸರಿಡುವ ಚಿತ್ರ ಲೋಕವನ್ನು ತೆರೆಯುವಷ್ಟೇ ಸುಲಭವಾಗಿ ಮುಚ್ಚಿಬಿಡಲೂಬಲ್ಲುದು.

ಈ ಮಾತನ್ನು ಹೇಳಿದೊಡನೆಯೇ ಇನ್ನೊಂದು ಪುಟವನ್ನು ನೆನೆಯದಿದ್ದರೆ ಅವನಿಗೆ ನ್ಯಾಯ ಸಲ್ಲಿಸಿದಂತಾಗದು. ಮನುಷ್ಯನ ಒಳಹೊರಗಿನ ಇಂದ್ರಿಯಗಳನ್ನು ಹೇಳುವಾಗ ಅವನು ಕಣ್ಣು, ಕಿವಿ, ಮೂಗುಗಳಷ್ಟಕ್ಕೇ ನಿಲ್ಲುವುದಿಲ್ಲ. ಒಳಗಿನ ಇಂದ್ರಿಯಗಳು ಮೂರು ಎನ್ನುತ್ತಾನೆ. ಮುಂದಲೆಯಲ್ಲಿ ಸಾಮಾನ್ಯಗ್ರಹಣ, ನಡುನೆತ್ತಿಯಡಿಯಲ್ಲಿ ಕಲ್ಪನೆ, ಹಿಂದಲೆಯಲ್ಲಿ ನೆನಪು. ಕಲ್ಪನೆಯೇ ಯೋಚಿಸುವುದು, ಕನಸು ಕಾಣುವುದು. ಇಂದಿನ ಶರೀರಶಾಸ್ತ್ರ ಈ ಭೂಪಟವನ್ನು ಒಪ್ಪುವುದಿಲ್ಲ, ಇರಲಿ. ಕಲ್ಪನೆಗೆ ಅವನು ಕಣ್ಣುಕಿವಿಗಳ ಸಾಲಿನಲ್ಲೇ ಒಂದು ಮಣೆ ಹಾಕಿದನಲ್ಲ, ಅದು ದೊಡ್ಡ ಮಾತು. ಇದರ ಮುಂದಿನ ಅಧ್ಯಾಯ ಆತ್ಮದ್ದು. ಇಂದ್ರಿಯಗೋಚರವಾದ ಲೋಕವನ್ನು ಬರೆಯುತ್ತೇನೆಂದು ಹೊರಟವನು ಆತ್ಮವನ್ನು ಹೇಗೆ ಬರೆಯಿಸಬೇಕು? ಹಕ್ಕಿಯಂತೆ ಬರೆಯಿಸಬಹುದಿತ್ತು, ಆ ಕಾಲದ ಪಟಗಳಲ್ಲಿ ಕಾಣುವಂತೆ ಬಾಯಿಂದ ಹೊರಬೀಳುವ ಪುಟ್ಟ ಮಗುವಿನಂತೆ ಬರೆಯಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಹರಡಿದ ಒಂದು ಬಟ್ಟೆಯಂಥ ಹಿನ್ನೆಲೆಯ ಮೇಲೆ ಮನುಷ್ಯನ ಆಕಾರವನ್ನು ಬರಿಯ ಚುಕ್ಕೆಗಳಲ್ಲಿ ಇಡಿಸಿದ. ಮುಖದಲ್ಲಿ ಮೂಗಿಲ್ಲ, ಬಾಯಿಲ್ಲ. ಒಳಗೆ ಖಾಲಿ. ಇಡೀ ಪುಸ್ತಕದಲ್ಲಿ ನೋಡುವವನು ತಾನೇ ತುಂಬಿಕೊಳ್ಳಬೇಕಾದ ಚಿತ್ರವೆಂದರೆ ಇದೇ ಎಂದು ನನಗೆ ಅನ್ನಿಸುತ್ತದೆ.

ಮುನ್ನುಡಿಯಲ್ಲಿ ಅವನು ಉಪಾಧ್ಯಾಯರಿಗೆ ಕೊಟ್ಟ ಸಲಹೆಗಳನ್ನು ನಮ್ಮವರು ಹೆಚ್ಚಾಗಿ ಓದುವುದಿಲ್ಲ. ಪುಸ್ತಕವನ್ನು ಮೊದಲು ಮಕ್ಕಳ ಕೈಗೆ ಬಿಟ್ಟುಬಿಡಿ, ಶಾಲೆಗೆ ಸೇರುವ ಮುನ್ನ ಮನೆಯಲ್ಲಿಯೇ ಅವರು ತಮಗೆ ಬೇಕಾದಂತೆ ಚಿತ್ರ ನೋಡಿ ಸಂತೋಷಪಡಲಿ ಎನ್ನುತ್ತಾನೆ. ಚಿತ್ರದಲ್ಲಿರುವ ವಸ್ತುವನ್ನು ಆದಷ್ಟೂ ನಿಜವಾಗಿಯೇ ತೋರಿಸಿ ಎನ್ನುತ್ತಾನೆ. ಮಕ್ಕಳು ತಮ್ಮ ಕೈಯಿಂದಲೇ ಆ ಚಿತ್ರಗಳನ್ನು ಬರೆಯುತ್ತೇವೆಂದರೆ ಬರೆಯಲಿ, ಬೇಡವೆನ್ನದೆ ಹುರಿದುಂಬಿಸಿ ಎನ್ನುತ್ತಾನೆ. ಅಂಕಿ ಹಿಡಿದು ಹೆಸರು ಹೇಳಿಸುವುದು ಇದೆಲ್ಲ ಆದ ಮೇಲಿನ ಮಾತು. ಆದರೆ ಶಾಲೆಗಳ ಸ್ವಭಾವ ನಮಗೆ ಗೊತ್ತೇ ಇದೆ. ಅಂಕಿಯನ್ನು ಪರೀಕ್ಷಿಸಬಹುದು, ಸಂತೋಷವನ್ನು ಪರೀಕ್ಷಿಸಲಾಗುವುದಿಲ್ಲ.

ಪುಸ್ತಕ ಗೆದ್ದಿತು. 1659ರಲ್ಲಿಯೇ ಚಾರ್ಲ್ಸ್ ಹೂಲ್ ಎಂಬ ಉಪಾಧ್ಯಾಯ ಅದನ್ನು ಇಂಗ್ಲಿಷಿಗೆ ತಂದ. 1666ರಲ್ಲಿ ನಾಲ್ಕು ಭಾಷೆಗಳ ಆವೃತ್ತಿ ಬಂತು. ಮುಂದಿನ ಎರಡು ಶತಮಾನ ಯೂರೋಪಿನಲ್ಲಿ ಅದು ಮತ್ತೆ ಮತ್ತೆ ಅಚ್ಚಾಯಿತು. ಅದನ್ನು ಓದಿ ಬೆಳೆದವರಲ್ಲಿ ಒಬ್ಬನ ಸಾಕ್ಷ್ಯ ನಮಗೆ ಉಳಿದಿದೆ, ಆ ಸಾಕ್ಷಿಯೂ ಸಾಮಾನ್ಯನಲ್ಲ. 1749ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಗಯಟೆ ತನ್ನ ಆತ್ಮಕಥೆಯಲ್ಲಿ, ಆ ದಿನಗಳಲ್ಲಿ ಮಕ್ಕಳಿಗೆಂದು ಗ್ರಂಥಾಲಯಗಳಿರಲಿಲ್ಲ, ಕೊಮೇನಿಯಸನ ಈ ಪುಸ್ತಕವೊಂದನ್ನು ಬಿಟ್ಟರೆ ಆ ಬಗೆಯದು ಬೇರೆ ಯಾವುದೂ ನಮ್ಮ ಕೈಗೆ ಬರಲಿಲ್ಲ ಎಂಬ ಭಾವ ಬರುವಂತೆ ಹೇಳಿದ್ದಾನೆ. ಅದರ ಬೆನ್ನಿಗೇ ಅವನು ನೆನೆಯುವುದು ಮೇರಿಯಾನನ ತಾಮ್ರಪಟಗಳಿದ್ದ ದೊಡ್ಡ ಬೈಬಲ್ಲನ್ನು. ಅದನ್ನು ಮಕ್ಕಳಿಗೆಂದು ಮಾಡಿದ್ದಲ್ಲ. ಅದರ ಚಿತ್ರಗಳಲ್ಲಿ ಅಂಕಿಗಳ ಪಾಠವಿರಲಿಲ್ಲ. ಹಾಳೆ ಮಗುಚಿ ಮಗುಚಿ ನೋಡುವುದಷ್ಟೇ. ಜೊತೆಗೆ ಅಜ್ಜಿ ಕೊಟ್ಟ ಗೊಂಬೆಯಾಟದ ರಂಗವೊಂದಿತ್ತು. ಆ ಮನೆಯಲ್ಲಿ ಹೆಸರಿಡುವ ಚಿತ್ರ, ಹೆಸರಿಡದ ಚಿತ್ರ, ತಾನೇ ಕೈಯಾಡಿಸುವ ಗೊಂಬೆ, ಮೂರೂ ಒಟ್ಟಿಗೆ ಇದ್ದವು. ಕವಿ ಹುಟ್ಟಿದ್ದು ಯಾವುದರಿಂದ ಎಂದು ಬಿಡಿಸಿ ಹೇಳುವ ಧೈರ್ಯ ನನಗಿಲ್ಲ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಶಿಕ್ಷಣ ಸುಧಾರಕರ ಹಿಂಡೇ ಹೊರಟಿತು. ರೂಸೋ 1762ರಲ್ಲಿ ಮಗುವಿನ ಕೈಯಿಂದ ಪುಸ್ತಕವನ್ನೇ ಕಿತ್ತುಕೊಂಡು ರಾಬಿನ್‌ಸನ್ ಕ್ರೂಸೋವನ್ನು ಮಾತ್ರ ಬಿಟ್ಟ. 1774ರಲ್ಲಿ ಬಾಸೆಡೋವ್ ಎಂಬಾತ ಖೋಡೋವೀಟ್ಸ್ಕಿಯಂಥ ಸಮರ್ಥ ಕಲಾವಿದನನ್ನು ಹಿಡಿದು ಸುಮಾರು ನೂರು ತಾಮ್ರಪಟಗಳ ಬೃಹದ್ಗ್ರಂಥವನ್ನು ಹೊರತಂದ. ಅವುಗಳಲ್ಲಿ ಜ್ಞಾನ ಹೆಚ್ಚಿತು, ಚಿತ್ರಗಳು ಅಂದವಾದವು. ಮಗುವಿಗೆ ಕೆಲಸ ಕಡಿಮೆಯಾಯಿತು.

ಇದಕ್ಕೆ ತಿರುಗೇಟು ಬಂದದ್ದು ಗಯಟೆಯ ಊರಿನಿಂದಲೇ ಎಂಬುದು ಚರಿತ್ರೆಯ ವಿನೋದ. 1844ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಹೈನ್‌ರಿಖ್ ಹೋಫ್‌ಮನ್ ತನ್ನ ಮೂರು ವರ್ಷದ ಮಗನಿಗೆ ಕ್ರಿಸ್‌ಮಸ್ಸಿಗೆಂದು ಚಿತ್ರಪುಸ್ತಕ ಹುಡುಕಿಕೊಂಡು ಅಂಗಡಿಗೆ ಹೋದ. ಕಂಡದ್ದು ನೀತಿಯ ಉದ್ದುದ್ದ ಕಥೆಗಳು. ಇಲ್ಲವೇ ಮೇಜು, ಬೆಂಚು, ಪಾತ್ರೆಪಡಗಗಳನ್ನು ಅಳತೆ ಸಹಿತ ಸಾಲಾಗಿ ನಿಲ್ಲಿಸಿದ ಪುಟಗಳು. ಅವನು ಖಾಲಿ ಹಾಳೆಯ ನೋಟುಪುಸ್ತಕವೊಂದನ್ನು ಕೊಂಡು ಮನೆಗೆ ಬಂದ, ಅದರಲ್ಲಿ ತಾನೇ ಚಿತ್ರ ಬರೆದು ಪದ್ಯ ಕಟ್ಟಿದ. ರೋಗಿಯ ಮನೆಗೆ ಹೋದಾಗ ಹೆದರಿ ಅಳುವ ಮಗುವಿನ ಮುಂದೆ ಹೀಗೆಯೇ ಸೀಸದಕಡ್ಡಿಯಿಂದ ಗೀಚಿ ಅಳು ನಿಲ್ಲಿಸುವುದು ಅವನ ಅಭ್ಯಾಸವಾಗಿತ್ತಂತೆ. ಮರುವರ್ಷ ಅಚ್ಚಾದ ಆ ಪುಸ್ತಕದ ಕೆಲವು ಕಥೆಗಳು ಇಂದು ನಮಗೆ ಕ್ರೂರವೆನಿಸುತ್ತವೆ. ಬೆರಳು ಚೀಪುವವನ ಹೆಬ್ಬೆರಳನ್ನು ಕತ್ತರಿಸುವ ದರ್ಜಿಯನ್ನು ನಾನಂತೂ ಯಾವ ಮಗುವಿಗೂ ತೋರಿಸಲಾರೆ. ಆದರೂ ಖಾಲಿ ಪುಸ್ತಕ ಕೊಂಡ ಆ ತಂದೆಯನ್ನು ಮರೆಯಲಾಗುವುದಿಲ್ಲ.

ಆ ಖಾಲಿ ಹಾಳೆಯನ್ನೇ ಕಥೆಯಾಗಿಸಿದ ಪುಸ್ತಕ ಬಂದದ್ದು ಇನ್ನೊಂದು ಶತಮಾನದ ತರುವಾಯ, 1955ರಲ್ಲಿ, ಅಮೆರಿಕದಲ್ಲಿ. ಕ್ರಾಕೆಟ್ ಜಾನ್‌ಸನ್ ಬರೆದ ‘ಹೆರಾಲ್ಡ್ ಅಂಡ್ ದ ಪರ್ಪಲ್ ಕ್ರೇಯಾನ್’. ಅಂಗೈಯಗಲದ ಚಿಕ್ಕ ಪುಸ್ತಕ. ಹೆರಾಲ್ಡ್ ಎಂಬ ಪುಟ್ಟ ಹುಡುಗನ ಕೈಯಲ್ಲಿ ನೇರಳೆ ಬಣ್ಣದ ಒಂದು ಕಡ್ಡಿ. ಬೆಳದಿಂಗಳಲ್ಲಿ ತಿರುಗಾಡಬೇಕೆನಿಸುತ್ತದೆ, ಚಂದ್ರನಿಲ್ಲವಾದ್ದರಿಂದ ಚಂದ್ರನನ್ನು ಬರೆಯುತ್ತಾನೆ, ದಾರಿಯಿಲ್ಲವಾದ್ದರಿಂದ ದಾರಿ ಬರೆಯುತ್ತಾನೆ. ಸೇಬಿನ ಮರ ಬರೆದು ಅದರ ಕಾವಲಿಗೆ ಘೋರಸರ್ಪವೊಂದನ್ನು ಬರೆದರೆ, ಅದನ್ನು ಕಂಡು ತಾನೇ ಹೆದರಿ ಹಿಂದಕ್ಕೆ ಸರಿಯುತ್ತಾನೆ. ಬೆನ್ನ ಹಿಂದಿದ್ದ ಕೈ ನಡುಗಿ ಗೆರೆ ಅಲೆಯಲೆಯಾಗುತ್ತದೆ, ಅಲೆ ಸಮುದ್ರವಾಗುತ್ತದೆ, ಮುಳುಗುವ ಮುನ್ನ ದೋಣಿ ಬರೆದು ಹತ್ತುತ್ತಾನೆ. ಕೊನೆಗೆ ಮನೆ ಸಿಕ್ಕದೆ ಅಲೆದು, ತನ್ನ ಕಿಟಕಿಯಲ್ಲಿ ಯಾವಾಗಲೂ ಚಂದ್ರ ಕಾಣುತ್ತಿದ್ದನೆಂಬುದು ನೆನಪಾಗಿ, ಚಂದ್ರನ ಸುತ್ತ ಕಿಟಕಿಯ ಚೌಕಟ್ಟು ಬರೆಯುತ್ತಾನೆ. ಮನೆ ಅಲ್ಲಿಯೇ ಇದೆ. ಕೊಮೇನಿಯಸನಲ್ಲಿ ಲೋಕ ಮೊದಲು, ಚಿತ್ರ ಆಮೇಲೆ. ಇಲ್ಲಿ ಚಿತ್ರ ಮೊದಲು, ಲೋಕ ಅದರ ಹಿಂದೆ ಬರುತ್ತದೆ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ದೋಣಿಯನ್ನು ಎಂದೂ ಕಾಣದ ಹುಡುಗ ಸಮುದ್ರದಲ್ಲಿ ಮುಳುಗಿಯೇ ಹೋಗುತ್ತಿದ್ದ.

ನಮ್ಮ ನಾಡಿನಲ್ಲಿ ಈ ಎರಡು ದಾರಿಗಳನ್ನೂ ತುಳಿದವರು ಶಿವರಾಮ ಕಾರಂತರು. ಮೂರು ಸಂಪುಟಗಳ ಅವರ ‘ಬಾಲಪ್ರಪಂಚ’ದ ಹೆಸರಿನಲ್ಲಿಯೇ ಕೊಮೇನಿಯಸನ ‘ಆರ್ಬಿಸ್’ ಕೇಳಿಸುತ್ತದೆ. ಅದನ್ನು ನೋಡಿಯೇ ಇಟ್ಟರೆಂದು ನಾನು ಹೇಳುತ್ತಿಲ್ಲ, ಹಂಬಲ ಒಂದೇ ಎನ್ನುತ್ತಿದ್ದೇನೆ. ಲೋಕದಲ್ಲಿರುವುದೆಲ್ಲ ಕನ್ನಡದ ಮಗುವಿಗೆ ಕನ್ನಡದಲ್ಲಿ, ಚಿತ್ರ ಸಮೇತ ಸಿಕ್ಕಬೇಕೆಂಬ ಹಂಬಲ. ಅದೇ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಯಲು, ಆಡಲು ಬಿಟ್ಟವರು. ಬಂಗಾಳದಲ್ಲಿ ರವೀಂದ್ರರ ಪ್ರಾಥಮಿಕ ಪಾಠಪುಸ್ತಕ ‘ಸಹಜ ಪಾಠ್’ಕ್ಕೆ 1930ರಲ್ಲಿ ನಂದಲಾಲ್ ಬಸು ಚಿತ್ರ ಬರೆದುಕೊಟ್ಟರು, ಕಪ್ಪು ಬಿಳುಪಿನ ಆ ಚಿತ್ರಗಳು ಅಕ್ಷರದ ಪಕ್ಕದಲ್ಲಿ ನಿಂತೂ ಅಕ್ಷರದ ಆಳಾಗಿ ದುಡಿಯುವುದಿಲ್ಲ. ಇಂಥ ಉದಾಹರಣೆಗಳು ನಮ್ಮಲ್ಲಿ ಕಡಮೆ. ಚಿತ್ರ ಬರೆಯುವವನಿಗೆ ಕೊನೆಗೆ ಹೇಳಿಕಳಿಸಿ, ಉಳಿದ ಜಾಗದಲ್ಲಿ ಏನಾದರೂ ಬರೆಯಪ್ಪ ಎನ್ನುವುದೇ ನಮ್ಮಲ್ಲಿ ಬಹುಕಾಲ ನಡೆದುಬಂದ ಪದ್ಧತಿ.

ನಾನು ಕೆಲವು ವರ್ಷ ತಾಲ್ಲೂಕು ಊರೊಂದರ ಮಾಧ್ಯಮಿಕ ಶಾಲೆಯಲ್ಲಿ ಪಾಠ ಹೇಳಿದವನು. ನನ್ನ ಬಾಲ್ಯದ ಒಂದು ಚಿತ್ರಪುಸ್ತಕ ನನ್ನ ಬಳಿ ಉಳಿದಿತ್ತು. ಅದರ ರಕ್ಷಾಪುಟ ಹೋಗಿ, ಹೆಸರೂ ಹೋಗಿತ್ತು. ಕಥೆಯ ಅರ್ಧ ಹಾಳೆಗಳೂ ಇರಲಿಲ್ಲ. ಹೊಳೆಯ ದಡ, ಒಂದು ಮನೆ, ದೀಪವಿರುವ ಕಿಟಕಿ, ಕಟ್ಟದೆ ಬಿಟ್ಟ ದೋಣಿ. ಬಾಲ್ಯದಲ್ಲಿ ಆ ಕಿಟಕಿಯ ಹಿಂದೆ ಯಾರಿದ್ದಾರೆಂದು ನಾನು ಎಷ್ಟು ಕಥೆ ಕಟ್ಟಿದ್ದೆನೋ ಲೆಕ್ಕವಿಲ್ಲ. ಅದನ್ನು ಐದನೆಯ ತರಗತಿಗೆ ಒಯ್ದು ಮೇಜಿನ ಮೇಲಿಟ್ಟು, ಸುಮ್ಮನೆ ನೋಡಿ ಎಂದೆ. ಮೊದಲ ದಿನ ಅವರು ಮಾಡಿದ್ದು ನಾವು ಕಲಿಸಿಟ್ಟಿದ್ದನ್ನೇ: ‘ಸಾರ್, ಇದು ದೋಣಿ. ಇದು ಮನೆ. ಇದು ಹೊಳೆ.’ ಅಂಕಿ ಹಾಕಿರಲಿಲ್ಲ, ಅಷ್ಟೇ. ಮೂರನೆಯ ದಿನ ಬೆಸ್ತರ ಮನೆಯ ಹುಡುಗಿಯೊಬ್ಬಳು, ‘ದೋಣಿ ಕಟ್ಟಿಲ್ಲವಲ್ಲ ಸಾರ್, ಬಂದವರು ಅವಸರದಲ್ಲಿ ಬಂದಿದ್ದಾರೆ’ ಎಂದಳು. ತರಗತಿ ತಟ್ಟನೆ ತಿರುಗಿತು. ಯಾಕೆ ಅವಸರ? ಒಳಗೆ ಯಾರಿಗೋ ಕಾಯಿಲೆಯೇ? ದೋಣಿ ಹೋಗಿಬಿಟ್ಟರೆ ಬಂದವರು ಹಿಂತಿರುಗುವುದು ಹೇಗೆ? ವಾರದೊಳಗೆ ಹನ್ನೊಂದು ಕಥೆಗಳಾದವು. ಕಾಗುಣಿತ ತಪ್ಪಿದ್ದ, ಉಸಿರಾಡುವ ಕಥೆಗಳು. ಅದೇ ವಾರ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕಥೆಗಳನ್ನು ತಿರುವಿಹಾಕಿ, ‘ಇದು ಎಷ್ಟನೆಯ ಪಾಠ?’ ಎಂದು ಕೇಳಿದರು. ಪಾಠದ ಪಟ್ಟಿಯಲ್ಲಿಲ್ಲ ಎಂದೆ. ‘ಹಾಗಾದರೆ ಪರೀಕ್ಷೆಗೆ ಹೇಗೆ ಬರುತ್ತದೆ?’ ಎಂದರು. ಅವರ ಪ್ರಶ್ನೆಯೂ ಅವರ ಕೆಲಸದ ಭಾಗ. ಆದರೆ ಆ ಹುಡುಗಿ ಆಮೇಲೆ ಒಂದು ತಿಂಗಳು ಯಾವ ಚಿತ್ರ ತೋರಿಸಿದರೂ ಅದರಲ್ಲಿರುವುದರ ಹೆಸರನ್ನಷ್ಟೇ ಹೇಳಿ ಕುಳಿತುಬಿಡುತ್ತಿದ್ದಳು.

ಅವಳನ್ನು ಮತ್ತೆ ಮಾತಿಗೆ ತಂದದ್ದು ಕೊಮೇನಿಯಸ್. ಆತ್ಮದ ಆ ಚಿತ್ರದ ಪ್ರತಿಯೊಂದು ನನ್ನಲ್ಲಿತ್ತು; ಏನೆಂದು ಹೇಳದೆ ತರಗತಿಯಲ್ಲಿ ಎತ್ತಿ ಹಿಡಿದೆ. ನೆರಳು ಎಂದ ಒಬ್ಬ. ಬೆಚ್ಚು, ಹಕ್ಕಿ ಓಡಿಸಲು ಹೊಲದಲ್ಲಿ ನಿಲ್ಲಿಸಿದ್ದು ಎಂದ ಇನ್ನೊಬ್ಬ. ಮಂಜಿನಲ್ಲಿ ಬರುತ್ತಿರುವ ಮನುಷ್ಯ, ಹತ್ತಿರ ಬಂದ ಮೇಲೆ ಮುಖ ಕಾಣುತ್ತದೆ ಎಂದ ಮತ್ತೊಬ್ಬ. ವಾರಪತ್ರಿಕೆಗಳ ಮಕ್ಕಳ ಪುಟದಲ್ಲಿ ಅಂಕಿಯಿಂದ ಅಂಕಿಗೆ ಗೆರೆ ಎಳೆದು ಚಿತ್ರ ಮಾಡುವ ಆಟ ಬರುತ್ತದಲ್ಲ, ಅದನ್ನು ಬಲ್ಲ ಹುಡುಗನೊಬ್ಬ ಎದ್ದು ಬಂದು, ಇದರಲ್ಲಿ ಯಾವ ಚುಕ್ಕೆಗೂ ಅಂಕಿಯಿಲ್ಲ, ಎಲ್ಲಿಂದ ಶುರು ಮಾಡಬೇಕು ಎಂದು ನನ್ನನ್ನು ಕೇಳಿದ. ನಾನು ಉತ್ತರ ಹೇಳುವುದಕ್ಕೆ ಮೊದಲೇ ಆ ಹುಡುಗಿ ಹಿಂದಿನ ಬೆಂಚಿನಿಂದ, ‘ಎಲ್ಲಿಂದಾದರೂ ಮಾಡು, ಅವನು ಏನೂ ಅನ್ನುವುದಿಲ್ಲ’ ಎಂದಳು.